ನಾಲ್ವರಿಗೂ ಕಂಡದ್ದು

ಇಬ್ಬರು ಒಂದು ಮಾತಿಗೆ ಒಪ್ಪುವುದೇ ಕಷ್ಟವಾದ ಈ ಲೋಕದಲ್ಲಿ ನಾಲ್ಕು ಜನ ಕೂಡಿ ಕುಳಿತು ಒಂದೇ ಕನಸು ಕಾಣಲಿ ಎಂದು ಬಯಸುವ ಯಂತ್ರವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ಅವನು ಹುಬ್ಬಳ್ಳಿಯ ಯಾವ ಕಾಲೇಜಿಗೂ ಕಾಲಿಟ್ಟವನಲ್ಲ ಎಂಬುದಂತೂ ಖಾತ್ರಿ.

ಯಂತ್ರದ ಹೆಸರು ಕೂಡುಗಣ್ಣು. ಬಾಯಲ್ಲಿ ಹೇಳಿದ್ದನ್ನೆಲ್ಲ ಕಂಪ್ಯೂಟರೇ ಚಿತ್ರ ಮಾಡಿಕೊಡುವ ಕಾಲ ಬಂದು, ಚಿತ್ರಗಳು ಸಂತೆಯ ಕೊತ್ತಂಬರಿಗಿಂತ ಅಗ್ಗವಾಗಿ, ಜನ ನೋಡುವುದನ್ನೇ ಬಿಟ್ಟಿದ್ದರು. ಆಗ ಬಂದದ್ದು ಇದು. ತಲೆಗೊಂದು ಪಟ್ಟಿ ಕಟ್ಟಿಕೊಂಡು ಕೂರಬೇಕು. ಕಣ್ಣು ಕಂಡದ್ದನ್ನೂ ಮನಸ್ಸು ಕಲ್ಪಿಸಿದ್ದನ್ನೂ ಗುರುತಿಸುವ ಜಾಗ ಮಿದುಳಿನ ಹಿಂಭಾಗದಲ್ಲಿದೆ. ಪಟ್ಟಿ ಅಲ್ಲಿನ ಮಿಡಿತವನ್ನು ಓದುತ್ತದೆ. ಒಬ್ಬರ ಮನಸ್ಸಿನಲ್ಲಿ ಮಾತ್ರ ಇದ್ದದ್ದನ್ನು ಎಸೆಯುತ್ತದೆ. ಮೂವರಲ್ಲಿದ್ದು ನಾಲ್ಕನೆಯವರಲ್ಲಿ ಇಲ್ಲದ್ದನ್ನೂ ಎಸೆಯುತ್ತದೆ. ಎಲ್ಲರ ಮನಸ್ಸಿನಲ್ಲೂ ಒಟ್ಟಿಗೆ ಮೂಡಿದ್ದು ಮಾತ್ರ ಗೋಡೆಯ ಮೇಲೆ ಬೀಳುತ್ತದೆ. ಮನುಷ್ಯರೇ ಕಂಡದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಕಾಲೇಜುಗಳ ನಡುವಿನ ಸಂಗೀತೋತ್ಸವದವರು ಕೂಡುಗಣ್ಣಿನ ಚಿತ್ರವಿಲ್ಲದ ಹಾಡನ್ನು ಮುಟ್ಟಿಯೂ ನೋಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಕಸ್ತೂರಿ ಬಾರಕೇರ ಎಂಬ ವಿದ್ಯಾರ್ಥಿನಿಯ ಕಷ್ಟ ಶುರುವಾದದ್ದು ಅಲ್ಲಿ. ಹಾಡು ಅವಳದು. ಹಾಡೆಂದರೆ ಸಾಹಿತ್ಯ, ಪಲ್ಲವಿ ಏನೂ ಇಲ್ಲ. ಕುಣಿಯುವವರಿಗಾಗಿ ಕಂಪ್ಯೂಟರಿನಲ್ಲಿ ಕಟ್ಟಿದ ತಾಳ. ಮೈಕ್ ಸೆಟ್ಟು ಹೊತ್ತೊಯ್ಯುವ ಅಪ್ಪನ ಟೆಂಪೋದ ಹಿಂದೆ, ಗಣಪತಿ ಮೆರವಣಿಗೆಗಳಲ್ಲಿ, ಜನರೇಟರಿನ ಪಕ್ಕ ಕುಳಿತೇ ದೊಡ್ಡವಳಾದವಳು ಅದೇ ಜನರೇಟರಿನ ಸದ್ದನ್ನು ಕತ್ತರಿಸಿ, ಮಡಚಿ, ಒಂದರ ಮೇಲೊಂದು ಪೇರಿಸಿ ಮಾಡಿದ್ದಳು. ವರ್ಷ ಹಿಡಿದಿತ್ತು. ಉತ್ಸವದಲ್ಲಿ ಒಮ್ಮೆ ಅದು ಮೊಳಗಿಬಿಟ್ಟರೆ ಕಾಲೇಜಿನಲ್ಲಿ ತನ್ನನ್ನು ಯಾರೂ 'ಮೈಕಿನವರ ಹುಡುಗಿ' ಎನ್ನಲಾರರು ಎಂದು ಅವಳು ನಂಬಿದ್ದಳು.

ಚಿತ್ರಕ್ಕೆ ತಂಡ ಮಾಡಿದ್ದು ವಿಭಾಗದವರು, ಹಾಜರಿ ಪಟ್ಟಿ ನೋಡಿ. ನಿರ್ದೇಶನಕ್ಕೆ ಅಭಿರಾಮ ನಾಡಿಗೇರ, ಊರಿನ ದೊಡ್ಡ ಡಾಕ್ಟರರ ಮಗ. ನೃತ್ಯಕ್ಕೆ ಝೈಬಾ ಮುಲ್ಲಾ. ಬೆಳಕಿಗೆ ತೇಜು ಶಿರಹಟ್ಟಿ, ಅಭಿರಾಮ ಸೀನಿದರೂ ನಗುವವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪ್ರಾಣಿಗಳಿದ್ದವು. ಅಭಿರಾಮನಿಗೆ ಕನ್ನಡಿಗಳ ಕೋಟೆ ಬೇಕು, ಝೈಬಾಗೆ ಉಪ್ಪಿನ ಬಯಲು, ತೇಜುವಿಗೆ ಅಭಿರಾಮ ಹೇಳಿದ್ದು, ಕಸ್ತೂರಿಗೆ ಮೆರವಣಿಗೆಯ ದೀಪಗಳು. ಮೊದಲ ಮೂರು ಬೈಠಕ್ಕುಗಳಲ್ಲಿ ಗೋಡೆಯ ಮೇಲೆ ಬರೀ ಬೂದು ಮಂಜು ಕಾಣಿಸಿತು.

"ಗ್ವಾಡಿ ಮುಂದಿನ ಪರದೆ ಇಳಿಸಿ ಕೂಡ್ರಿ," ಎಂದು ಲ್ಯಾಬಿನ ಬೆಟಗೇರಿ ಮೇಡಂ ಗಾಜಿನ ಆಚೆಯಿಂದ ಹೇಳುತ್ತಲೇ ಇದ್ದರು. "ಗ್ವಾಡಿ ನೋಡ್ಕೋತ ಕೂತ್ರ ಕೆಲಸ ಕೆಡತದ. ಎಲ್ಲಾ ಮುಗದ ಮ್ಯಾಲ ನೋಡೋದು."

"ಡೈರೆಕ್ಟರ್ ಆದಂವ ನೋಡದ ಹೆಂಗ್ರಿ ಮೇಡಂ ಡೈರೆಕ್ಟ್ ಮಾಡೋದು?" ಎಂದು ಅಭಿರಾಮ ಪರದೆ ಎತ್ತಿಸಿದ. ಮೇಡಂಗೆ ನಿವೃತ್ತಿ ಹತ್ತಿರವಿತ್ತು, ಜಗಳ ಬೇಡವಿತ್ತು.

ನಾಲ್ಕನೆಯ ಬೈಠಕ್ಕಿನಲ್ಲಿ, ತಾಳ ಗಕ್ಕನೆ ನಿಂತು ಮರುಗಳಿಗೆ ಧಡ್ ಎಂದು ಬೀಳುವ ಜಾಗದಲ್ಲಿ, ಮಂಜು ಒಡೆಯಿತು. ಗೋಡೆಯ ಮೇಲೆ ಒಂದು ಹೆಣ್ಣು ಮೂಡಿತು. ಬೆನ್ನ ಮೇಲೆ ಆಳೆತ್ತರದ ಸ್ಪೀಕರ್ ಬಾಕ್ಸು. ಸೊಂಟ ಮುರಿದಂತೆ ಬಗ್ಗಿದ ಮೈ, ಎಣ್ಣೆ ಸೋರುವ ಜಡೆ, ತೆರೆದ ಬಾಯಿ. ತಾಳ ಬಿದ್ದಾಗೆಲ್ಲ ಬಾಕ್ಸು ಅದುರಿ ಅವಳು ಇನ್ನಷ್ಟು ಕುಗ್ಗುತ್ತಿದ್ದಳು. ಆ ಮುಖ ಕಸ್ತೂರಿಯದು.

ತೇಜು ಹೊಟ್ಟೆ ಹಿಡಿದುಕೊಂಡು ನಕ್ಕ. ನೋಡಿದಷ್ಟೂ ಚಿತ್ರ ಸ್ಪಷ್ಟವಾಗುತ್ತ ಹೋಯಿತು. ಹಲ್ಲು ಉದ್ದವಾಯಿತು, ಕಣ್ಣು ಹೊರಗೆ ಬಂತು. ಕಸ್ತೂರಿ ತಲೆಯ ಪಟ್ಟಿ ಕಿತ್ತು ಮೇಜಿನ ಮೇಲೆ ಬಡಿದಳು. ಗೋಡೆ ಮತ್ತೆ ಬೂದು ಬಣ್ಣಕ್ಕೆ ತಿರುಗಿತು.

"ನಾಚಿಕಿ ಆಗಂಗಿಲ್ಲೇನ್ ನಿಮಗ? ಮನಸಿನ್ಯಾಗ ಇಂಥಾದ್ದು ಇಟ್ಕೊಂಡು ಬಾಜೂಕ ಕೂಡತೀರಲ್ಲ!"

"ನಮಗ ಯಾಕ್ ಬೈತಿ?" ಎಂದಳು ಝೈಬಾ. ಅವಳ ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ, ಮುಳ್ಳೂ ಇರಲಿಲ್ಲ. "ನಾಲ್ಕೂ ಮಂದಿ ತಲ್ಯಾಗ ಇದ್ರಷ್ಟ ಅಲ್ಲಿ ಬರತೈತಿ. ನಾವ್ ಮೂರು ಮಂದಿ ನೆನಿಸಿದ್ರ ಸಾಲಂಗಿಲ್ಲ. ನಿನ್ನ ತಲ್ಯಾಗೂ ನೀ ಹಂಗ ಅದಿ."

ಕಸ್ತೂರಿ ಚೀಲ ಎತ್ತಿಕೊಂಡು ಹೊರಟಳು. ಬೈಗುಳವಾಗಿದ್ದರೆ ತಿರುಗಿ ಬಯ್ಯಬಹುದಿತ್ತು.

*

ಮನೆಯ ಪಡಸಾಲೆಯಲ್ಲಿ ಮನುಷ್ಯರಿಗಿಂತ ಬಾಕ್ಸುಗಳೇ ಹೆಚ್ಚು. 'ಶಾರದಾ ಸೌಂಡ್ ಸರ್ವಿಸ್' ಎಂಬ ಬೋರ್ಡು ಅಪ್ಪ ಬರೆಸಿದ್ದಾದರೂ ಅಪ್ಪ ಟೆಂಪೋ ಓಡಿಸುತ್ತಾನೆ ಅಷ್ಟೆ; ಆಳುವುದು ಅವ್ವ ಶಾರವ್ವ. ಅವಳು ನೆಲದ ಮೇಲೆ ಕಾಲು ಚಾಚಿ ಕುಳಿತು ವೈರಿಗೆ ಬೆಸುಗೆ ಹಾಕುತ್ತ, ಮುಂಜಾನೆಯ ಮದುವೆಯವರಿಗೆ ಬೈಗುಳದ ಮಂತ್ರ ಹೇಳುತ್ತಿದ್ದಳು.

"ವರನ ಕಾಕಾಗ ಹಾಡೂ ಚಟಾ. ಮೈಕ್ ಹಿಡಕೊಂಡು ಬಾಕ್ಸಿನ ಮುಂದ ಬಂದ್ ನಿಂತಾನ. ಕೂಂಯ್ಯ್ ಅಂತ ಹೊಡಕೊಳ್ಳಾಕತ್ತು. 'ಏ ಬಾಯಿ, ನಿಮ್ಮ ಮಷೀನ್ ಸರಿ ಇಲ್ಲ' ಅಂತಾನ! ಅಲ್ಲೋ ಹುಚ್ಚಪ್ಪ, ನಿನ್ನ ದನೀನ ಬಾಕ್ಸಿನಿಂದ ಬಂದು ಮತ್ತ ನಿನ್ನ ಮೈಕಿನ್ಯಾಗ ಹೋಗಾಕತ್ತೈತಿ. ಮಾರಿ ತಿರುವು!"

ಕಸ್ತೂರಿ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಗೋಡೆಯ ಮೇಲಿನ ಹೆಣ್ಣೂ ಹಾಗೆಯೇ ಅಲ್ಲವೆ? ನಾಲ್ವರ ಮನಸ್ಸಿನಲ್ಲಿದ್ದದ್ದು ಗೋಡೆಗೆ ಬಿತ್ತು, ಗೋಡೆಯಿಂದ ಕಣ್ಣಿಗೆ ಬಂತು, ಕಣ್ಣಿನಿಂದ ಮತ್ತೆ ಮನಸ್ಸಿಗೆ. ಸುತ್ತಿದಂತೆಲ್ಲ ದೊಡ್ಡದಾಯಿತು. ಮೇಡಂ ಪರದೆ ಇಳಿಸಿ ಎಂದದ್ದು ಇದಕ್ಕೇ. ಒಂದು ಸಣ್ಣ ಬೀಜ ನಾಲ್ವರಲ್ಲೂ ಇದ್ದರೆ ಸಾಕು, ಉಳಿದದ್ದನ್ನು ಗೋಡೆಯೇ ಬೆಳೆಸಿಕೊಳ್ಳುತ್ತದೆ.

"ಆಮ್ಯಾಲ ಕೇಳ," ಎಂದು ಅವ್ವ ಮುಂದುವರಿಸಿದಳು. "ಅದ ಕಾಕಾ ಕೊರಳಿನ್ಯಾಗ ಮೈಕ್ ಹಾಕ್ಕೊಂಡ ಅಡಗಿ ಮನಿಗೆ ಹೋಗಿ, ಬೀಗರು ಕೊಟ್ಟ ಬಂಗಾರ ಖೋಟಾ ಐತಿ ಅಂತ ಹೇಳಾಕ ಶುರು ಮಾಡ್ಯಾನ. 'ಬೀಗರು' ಅನ್ನೂದ ತಡ, ಮಿಕ್ಸರಿನ ಮೈಕ್ ಗುಂಡಿ ಕೆಳಗ ಜಗ್ಗಿಬಿಟ್ಟೆ. ಮಂದಿಗೆ ಏನೂ ಕೇಳಲಿಲ್ಲ. ಮದುವಿ ಉಳೀತು. ಮೈಕಿನವರಿಗೆ ಬ್ಯಾರೇ ಏನ್ ಬರಲಿಲ್ಲಂದ್ರೂ ನಡಿತೈತಿ. ಕೇಳಬಾರದ್ದು ಕೇಳಿತಂದ್ರ ಮೊದಲ ಗುಂಡಿ ಇಳಸಬೇಕು, ವಿಚಾರ ಆಮ್ಯಾಲೆ. ಮಂದಿ ಮರ್ಯಾದಿ ನಮ್ಮ ಬೆರಳಿನ ತುದ್ಯಾಗ ಇರತೈತಿ."

"ಸಾಕ್ ಮಾಡಬೇ," ಎಂದು ಕಸ್ತೂರಿ ತಟ್ಟೆ ದೂಡಿ ಎದ್ದಳು. "ನಿನ್ನ ಪುರಾಣ ಕೇಳಿ ಕೇಳಿ ತಲಿ ಚಿಟ್ ಹಿಡದೈತಿ."

"ಹಿಡೀತೈತಿ, ಹಿಡೀತೈತಿ. ಹೊರಗ ಅನ್ನಿಸ್ಕೊಂಡ ಬಂದು ಮನ್ಯಾಗ ಅವ್ವನ ಮ್ಯಾಲ ತೀರಿಸ್ಕೋ," ಎಂದು ಅವ್ವ ಬೆಸುಗೆಯ ಹೊಗೆ ಊದಿದಳು.

*

ಮರುದಿನ ಕ್ಯಾಂಟೀನಿನಲ್ಲಿ ಅಭಿರಾಮ ಯೋಜನೆ ಬಿಚ್ಚಿದ. ಕನ್ನಡಿಗಳ ಕೋಟೆ ಹೋಗಿತ್ತು. ಅದರ ಜಾಗದಲ್ಲಿ ಬಾಕ್ಸು ಹೊತ್ತ ಹೆಣ್ಣಿದ್ದಳು, ಮೊದಲಿನಿಂದ ಕೊನೆಯವರೆಗೆ.

"ನೋಡ್ರಿ, ನಮ್ಮೆಲ್ಲರಿಗೂ ಕಾಣೋದು ಅದೊಂದ. ಅದನ್ನ ಇಟ್ಕೊಂಡ ಹೋಗೋಣು. ಮೊದಲಿಗೆ ಒಂದು ಬಾಕ್ಸು, ಆಮ್ಯಾಲ ಎರಡು, ಕಡೀಕ ಬಾಕ್ಸಿನ ಗುಡ್ಡ. ಕೆಳಗ ಅಕಿ. ಮಂದಿ ನಕ್ಕು ನಕ್ಕು ಸಾಯ್ತಾರ."

"ನನ್ನ ಹಾಡಿಗೆ ನನ್ನ ಮಾರಿ ಇಟ್ಟು ನಗಿಸ್ತಿ?"

"ಹಾಡ ಹಿಂದಕ್ಕ ತಗೋ ಮತ್ತ. ಯಾರ ಬ್ಯಾಡ ಅಂದ್ರು? ಬೂದು ಗ್ವಾಡಿ ತೋರಿಸಿದ್ರ ಹಾಡ ಕೇಳೋದೂ ಇಲ್ಲ ಅವರು."

"ನಿಮಗ ಮೈಕಿನವರಂದ್ರ ಅಷ್ಟ್ಯಾಕ ಹೊಟ್ಟಿ ಉರಿ?"

ಅಭಿರಾಮ ಚಹಾದ ಕಪ್ಪು ಕೆಳಗಿಟ್ಟ. ಅವನ ಮುಖದಲ್ಲಿ ನಗುವಿನ ಗುರುತೂ ಉಳಿಯಲಿಲ್ಲ. "ಮೈಕಿನವರ ಮ್ಯಾಲೆ ಅಲ್ಲ. ಮೈಕ್ ಬಂದ್ ಮಾಡಾಕ ಬರದಾಕಿ ಮ್ಯಾಲೆ."

ಅವನು ಹೇಳಿದ್ದು ಯಾವುದನ್ನೆಂದು ಮೇಜಿನ ಸುತ್ತ ಕುಳಿತ ನಾಲ್ವರಿಗೂ ಗೊತ್ತಿತ್ತು. ಹೋದ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಅಭಿರಾಮ ಹಾಡಿದ್ದ. ಮುಖ್ಯ ಅತಿಥಿ ಅವನ ತಂದೆಯೇ. ಹಾಡು ಅರ್ಧಕ್ಕೆ ಬಂದಾಗ ಡಾಕ್ಟರರು ಗಡಿಯಾರ ನೋಡಿ, ಎದ್ದು, ಬಾಗಿಲ ಕಡೆ ನಡೆದರು. ಹುಡುಗ ಹಾಡು ಬಿಟ್ಟು ವೇದಿಕೆಯ ಅಂಚಿಗೆ ಓಡಿ ಬಂದ. "ಪಪ್ಪಾ, ಇನ್ನ ಮುಗದಿಲ್ರಿ. ಪಪ್ಪಾ, ನಿಲ್ರಿ. ಒಂದ್ ಸಲ ನೋಡ್ರಿ ಪಪ್ಪಾ." ಕೈಯಲ್ಲಿ ಮೈಕು ಇದ್ದದ್ದನ್ನು ಮರೆತಿದ್ದ. ಆ ಅಳುದನಿ ಇಡೀ ಸಭಾಂಗಣದಲ್ಲಿ ಮೊಳಗಿತು. ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ. ಆ ದಿನ ಶಾರದಾ ಸೌಂಡ್ ಸರ್ವಿಸಿನದೇ ಸೆಟ್ಟು. ಅವ್ವ ಚಹಾ ಕುಡಿಯಲು ಹೋಗಿದ್ದಳು. ದನಿ ಏರಿಳಿಸುವ ಮಿಕ್ಸರಿನ ಮುಂದೆ ಇದ್ದವಳು ಕಸ್ತೂರಿ. ವೇಷ ಹಾಕಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದ ಝೈಬಾ, ತೇಜು ಅವಳ ಮಗ್ಗುಲಲ್ಲೇ ನಿಂತಿದ್ದರು.

"ಗಾಬರಿ ಆಗಿತ್ತು ಅಂತ ಅವತ್ತ ಹೇಳೇನಿ," ಎಂದಳು ಕಸ್ತೂರಿ. "ಕೈ ಏಳಲಿಲ್ಲ."

"ಹೂಂ. ಗಾಬರಿ," ಎಂದ ಅಭಿರಾಮ. "ಅವತ್ತ ಮುಂಜಾನೆ ನಾ ನಿಮ್ಮವ್ವಗ ಚಿಟಿಕಿ ಹೊಡದು ಕರದಿದ್ನೆಲ್ಲ, ಅದಕ್ಕೇನೂ ಸಂಬಂಧ ಇಲ್ಲ. ಬರೀ ಗಾಬರಿ."

ಅವನು ಎದ್ದು ಹೋದ. ತೇಜು ಬಾಲದಂತೆ ಹಿಂಬಾಲಿಸಿದ. ಝೈಬಾ ಕಸ್ತೂರಿಯನ್ನೊಮ್ಮೆ ನೋಡಿ, ಮೂಗು ಮುರಿದು ಹೊರಟುಹೋದಳು.

ಕಸ್ತೂರಿಯ ಮೈಯೆಲ್ಲ ಉರಿಯುತ್ತಿತ್ತು. ಬಾಕ್ಸಿನ ಗುಡ್ಡವಂತೆ! ನಗಿಸುತ್ತಾನಂತೆ! ತೋರಿಸುತ್ತೇನೆ ತಡಿ, ನಾಲ್ವರ ಮನಸ್ಸಿನಲ್ಲೂ ಇರುವುದು ಅದೊಂದೇ ಅಲ್ಲ ಎಂದು ಹಲ್ಲು ಕಡಿದಳು.

ಮೈಕಿನವರಲ್ಲಿ ಒಂದು ರೂಢಿಯಿದೆ. ಕಾರ್ಯಕ್ರಮ ಯಾವುದೇ ಇರಲಿ, ಮಿಕ್ಸರಿನಿಂದ ಒಂದು ರೆಕಾರ್ಡಿಂಗ್ ಆಗುತ್ತಲೇ ಇರುತ್ತದೆ. ಆಮೇಲೆ ಪಾರ್ಟಿಯವರು ಸೌಂಡ್ ಸರಿ ಬರಲಿಲ್ಲ ಎಂದು ತಕರಾರು ತೆಗೆದರೆ ಬಾಯಿ ಮುಚ್ಚಿಸಲು ಬೇಕಲ್ಲ! ಅವ್ವನ ಹಳೆಯ ಡಬ್ಬಿಯಲ್ಲಿ ಗ್ಯಾದರಿಂಗಿನ ರೆಕಾರ್ಡಿಂಗ್ ಸಿಕ್ಕಿತು. ಅದರಿಂದ ಕಸ್ತೂರಿ ಬೇಕಾದದ್ದನ್ನು ಮಾತ್ರ ಕತ್ತರಿಸಿಕೊಂಡಳು. ಕುಣಿತದ ಹಾಡುಗಳಲ್ಲಿ ಮನುಷ್ಯರ ದನಿಯನ್ನು ಚೂರು ಚೂರು ಮಾಡಿ ತಾಳಕ್ಕೆ ಬಡಿಯುವುದು ಎಲ್ಲರೂ ಮಾಡುವ ಕೆಲಸ. ಮೂಲ ಯಾರದೆಂದು ಯಾರೂ ಕೇಳುವುದಿಲ್ಲ. ತಾಳ ನಿಲ್ಲುವ ಜಾಗದಲ್ಲಿ ಅವಳು ಆ ಚೂರುಗಳನ್ನು ನಾಟಿದಳು. ಪ. ಪ. ಪ. ಮೊದಲು ಹನಿಯಂತೆ, ಆಮೇಲೆ ಒಂದರ ಹಿಂದೊಂದು, ಕೊನೆಗೆ ಇಡಿಯಾಗಿ ಒಂದೇ ಒಂದು ಸಲ: ಪಪ್ಪಾ. ಕೇಳಿ ನೋಡಿದಳು. ಹಾಡು ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಆ ಸಂತೋಷ ಅವಳಿಗೆ ಒಂದಿಷ್ಟೂ ಕಹಿ ಅನ್ನಿಸಲಿಲ್ಲ.

*

ಉತ್ಸವದ ಸಂಜೆ ಸಭಾಂಗಣ ತುಂಬಿತ್ತು. ಸೌಂಡು ಮತ್ತೆ ಶಾರವ್ವನದೇ. ಹಿಂದೆ, ಬಾಗಿಲ ಪಕ್ಕ, ಮಿಕ್ಸರಿನ ಮುಂದೆ ಅವಳು ಸೆರಗು ಬಿಗಿದು ಕುಳಿತಿದ್ದಳು. ಮಗಳ ಹಾಡು ಇವತ್ತು ಎಂದು ಗೊತ್ತಿದ್ದರಿಂದ ಬಾಕ್ಸುಗಳನ್ನು ಎರಡೆರಡು ಸಲ ಒರೆಸಿದ್ದಳು.

ಚಿತ್ರ ಅಲ್ಲೇ, ಹಾಡಿನ ಜೊತೆಗೇ ಮೂಡಬೇಕಿತ್ತು. ಬೇರೆ ತಂಡಗಳು ವೇದಿಕೆಯ ಮೇಲೆ ಗೋಡೆಗೆ ಬೆನ್ನು ಹಾಕಿ, ಪ್ರೇಕ್ಷಕರ ಕಡೆ ಮುಖ ಮಾಡಿ ಕುಳಿತವು, ಅದೇ ನಿಯಮ. ಅಭಿರಾಮ ಮಾತ್ರ ತೀರ್ಪುಗಾರರ ಹತ್ತಿರ ವಾದ ಮಾಡಿ ಕುರ್ಚಿಗಳನ್ನು ಗೋಡೆಗೆ ಎದುರಾಗಿ ಹಾಕಿಸಿದ. ಬಾಕ್ಸಿನ ಗುಡ್ಡ ಬೆಳೆಯಬೇಕಾದರೆ ಎಲ್ಲರೂ ನೋಡುತ್ತಿರಬೇಕು ಎಂದು ಅಷ್ಟು ಹೊತ್ತಿಗೆ ಅವನಿಗೂ ತಿಳಿದಿತ್ತು. ಪರರಿಗೆ ತೋಡಿದ ಗುಂಡಿಯ ಆಳ ಅಳೆಯಲು ತಾನೇ ಇಳಿದ ಹಾಗಾಯಿತು.

ಹಾಡು ಶುರುವಾಯಿತು. ಜನರೇಟರು ಗುಡುಗಿತು, ಸಾಲು ಸಾಲಾಗಿ ಹುಡುಗರು ಎದ್ದು ನಿಂತರು. ಗೋಡೆಯ ಮೇಲೆ ಬಾಕ್ಸು ಹೊತ್ತ ಹೆಣ್ಣಿನ ಬೆನ್ನು ಮೂಡತೊಡಗಿತು. ಕಸ್ತೂರಿ ಕಣ್ಣು ಮುಚ್ಚಿದಳು. ಮೈಕಿನ ಮಾರಿ ತಿರುವು ಎಂದುಕೊಂಡಳು. ಜನರೇಟರಿನ ತಾಳವನ್ನಷ್ಟೇ ಎಣಿಸಿದಳು. ನಾಲ್ವರಲ್ಲಿ ಒಬ್ಬಳ ಮನಸ್ಸು ಕಳಚಿತು. ಹೆಣ್ಣು ಕರಗಿ ಮಂಜಾದಳು. ಜನ ಗೊಣಗತೊಡಗಿದರು.

"ಕಣ್ಣ ತಗೀಲೇ," ಎಂದು ಅಭಿರಾಮ ಬುಸುಗುಟ್ಟಿದ. "ಎಲ್ಲಾ ಹಾಳ ಮಾಡಬ್ಯಾಡ!"

ತಾಳ ಗಕ್ಕನೆ ನಿಂತಿತು. ಪ. ಪ. ಪ.

ಕಸ್ತೂರಿ ಕಣ್ಣು ತೆರೆದಳು.

ಅಭಿರಾಮನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಮಂಜಿನೊಳಗೆ ಒಂದು ಬಾಗಿಲು ಮೂಡಿತು. ಬಾಗಿಲ ಕಡೆ ನಡೆಯುವ ಒಂದು ಕೋಟಿನ ಬೆನ್ನು. ಚೂರುಗಳು ಒತ್ತೊತ್ತಾಗಿ ಬಿದ್ದಂತೆ ವೇದಿಕೆಯ ಅಂಚು, ಅದರ ಮೇಲೆ ಹುಡುಗ, ಕೈಯಲ್ಲಿ ಮೈಕು. ಪಟ್ಟಿ ಕಿತ್ತರೆ ಮುಗಿಯುತ್ತಿತ್ತು. ಆದರೆ ಕಿತ್ತರೆ ಅದು ತಾನೇ ಎಂದು ಊರಿಗೆಲ್ಲ ಹೇಳಿದಂತೆ; ಅವನು ಅಲುಗಾಡಲಿಲ್ಲ. ನೆನೆಯಬಾರದು ಎಂದಷ್ಟೂ ನೆನೆದ. ನೆನೆದಷ್ಟೂ ಗೋಡೆ ಬೆಳಗಿತು. ಹುಡುಗನ ಗಲ್ಲದ ಮೇಲಿನ ಹನಿಯೂ ಕಾಣಿಸಿತು. ಕಸ್ತೂರಿ ಮನಸಾರೆ ನೋಡಿದಳು. ವರ್ಷದ ಸಿಟ್ಟು ತಣ್ಣಗಾಯಿತು.

"ಪಪ್ಪಾ," ಎಂದು ಬಾಕ್ಸುಗಳು ಇಡಿಯಾಗಿ ಕೂಗಿದವು.

ಮರುಕ್ಷಣ ಸದ್ದೇ ಇಲ್ಲ. ತಾಳ ಬೀಳಬೇಕಾದ ಜಾಗದಲ್ಲಿ ಏನೂ ಬೀಳಲಿಲ್ಲ. ಕಸ್ತೂರಿ ಗಾಬರಿಯಿಂದ ಹಿಂದೆ ತಿರುಗಿದಳು. ಬಾಗಿಲ ಪಕ್ಕ ಶಾರವ್ವ ಮಿಕ್ಸರಿನ ಗುಂಡಿಯನ್ನು ಕೆಳಗೆಳೆದು ಹಿಡಿದಿದ್ದಳು. ಆ ದನಿ ಅವಳಿಗೆ ಗುರುತು ಸಿಕ್ಕಿತ್ತು. ಕೇಳಬಾರದ್ದು ಕೇಳಿತು, ಬೆರಳು ತಾನಾಗಿ ಇಳಿಯಿತು. ಹಾಡು ಯಾರದೆಂಬ ವಿಚಾರ ಆಮೇಲಿನದು.

ಹಾಡು ನಿಂತರೂ ಚಿತ್ರ ನಿಲ್ಲಲಿಲ್ಲ. ನಾಲ್ವರ ತಲೆಯಲ್ಲೂ ಪಟ್ಟಿ ಇತ್ತು, ನಾಲ್ವರ ಮನಸ್ಸೂ ಅದೇ ಸಭಾಂಗಣದಲ್ಲಿತ್ತು. ಮೌನದಲ್ಲಿ ಗೋಡೆಯ ಮೇಲಿನ ಹುಡುಗ ಬಾಗಿಲಿನಿಂದ ಮುಖ ತಿರುಗಿಸಿ ಇನ್ನೊಂದು ಕಡೆ ನೋಡಿದ. ಬೇಡಿಕೊಳ್ಳುವಂತೆ ನೋಡಿದ. ಅವನು ನೋಡಿದ ಕಡೆ ಒಂದು ಮೇಜು ಮೂಡಿತು, ಮೇಜಿನ ಮೇಲೆ ಮಿಕ್ಸರು, ಅದರ ಹಿಂದೆ ಒಬ್ಬ ಹುಡುಗಿ. ಎಣ್ಣೆ ಜಡೆಯಿಲ್ಲ, ಉದ್ದ ಹಲ್ಲಿಲ್ಲ. ನೋಡಲು ಚೆಂದವಾಗಿಯೇ ಇದ್ದಳು. ಅವಳ ಕೈ ಗುಂಡಿಯ ಮೇಲಿತ್ತು. ಹೆದರಿದ ಕೈಯಲ್ಲ, ಗುಂಡಿಯನ್ನು ಇಳಿಸದೆ, ನೆಮ್ಮದಿಯಿಂದ, ಬಲವಾಗಿ ಹಿಡಿದುಕೊಂಡ ಕೈ. ತುಟಿಯ ಅಂಚಿನಲ್ಲಿ ಸಣ್ಣ ನಗುವಿತ್ತು.

ಮೂವರು ಕಂಡರೆ ಸಾಲದು. ನಾಲ್ವರೂ ಕಂಡಿದ್ದರೆ ಮಾತ್ರ ಮೂಡುತ್ತದೆ.

ಅಭಿರಾಮ ನೋಡಿದ್ದ, ಝೈಬಾ ನೋಡಿದ್ದಳು, ತೇಜು ನೋಡಿದ್ದ. ಇಡೀ ವರ್ಷ ಅವರು ಅವಳನ್ನು ಸಹಿಸದಿದ್ದುದು ಬಾಕ್ಸಿಗಾಗಿ ಅಲ್ಲ, ಈ ನಗುವಿಗಾಗಿ. ಗಾಬರಿಯಾಗಿತ್ತು ಎಂದು ಇಡೀ ವರ್ಷ ಹೇಳಿಕೊಂಡವಳ ಮನಸ್ಸಿನಲ್ಲೂ ಆ ನಗು ಅಷ್ಟೇ ಸ್ಪಷ್ಟವಾಗಿತ್ತು. ಕಸ್ತೂರಿಯ ಕೈ ತನಗರಿವಿಲ್ಲದೆ ತುಟಿಯ ಅಂಚನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಈಗರ ಹೇಳು," ಎಂದ ಅಭಿರಾಮ, ಗೋಡೆಯಿಂದ ಕಣ್ಣು ತೆಗೆಯದೆ. "ಗಾಬರಿ ಆಗಿತ್ತೇನು?"

ಅವಳು ಪಟ್ಟಿ ಕಿತ್ತಳು. ಗೋಡೆ ಬೂದಾಯಿತು.

*

ತೀರ್ಪುಗಾರರು ತಾಂತ್ರಿಕ ದೋಷ ಎಂದು ಬರೆದುಕೊಂಡು ಮುಂದಿನ ತಂಡವನ್ನು ಕರೆದರು. ಉತ್ಸವ ಮುಗಿದು ಜನ ಚದುರುವವರೆಗೆ ಶಾರವ್ವ ಮಿಕ್ಸರಿನಿಂದ ಏಳಲಿಲ್ಲ, ಮಗಳ ಕಡೆ ನೋಡಲೂ ಇಲ್ಲ. ಆಮೇಲೆ ವೈರು ಸುತ್ತುತ್ತ ಕುಳಿತಳು. ಅಪ್ಪ ಹೊರಗೆ ಟೆಂಪೋ ಹಿಂದಕ್ಕೆ ತರುತ್ತಿದ್ದ.

"ಅವ್ವಾ," ಎಂದಳು ಕಸ್ತೂರಿ. "ನನ್ನ ಹಾಡು ಅದು. ಅರ್ಧಕ್ಕ ನಿಲ್ಲಿಸಿದಿ."

ಶಾರವ್ವ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹೋದ ವರ್ಷ ಗ್ಯಾದರಿಂಗ್ ಆದ ಮರುದಿನ ಡಾಕ್ಟರ್ ಮನಿಗೆ ಹೋಗಿದ್ನಿ. ಹೊರಗ ಕಟ್ಟಿಮ್ಯಾಗ ಕುಂದ್ರಿಸಿದ್ರು. ಆ ಹುಡುಗನ ಮುಂದ ಕೈ ಮುಗದು, ಗುಂಡಿ ಮ್ಯಾಲ ಇದ್ದದ್ದು ನನ್ನ ಕೈ, ತಪ್ಪಾತು ತಮ್ಮಾ ಅಂತ ಹೇಳಿ ಬಂದ್ನಿ. ನನ್ನ ಮಗಳು ಸಣ್ಣಾಕಿ, ಅಂಜಿ ಕೈಬಿಟ್ಟಾಳ ಅಂತ ತಿಳಕೊಂಡಿದ್ನಿ." ಅವಳು ಸುತ್ತಿದ ವೈರನ್ನು ನೆಲಕ್ಕೆ ಹಾಕಿದಳು. "ಆ ಹುಡುಗ ಬರೀ ನನ್ನ ಮಾರಿ ನೋಡ್ಕೋತ ನಿಂತಿದ್ದ. ಯಾಕಂತ ಇವತ್ತ ಗ್ವಾಡಿ ಮ್ಯಾಲ ನಿನ್ನ ನಗಿ ಕಂಡಾಗ ತಿಳೀತು."

ಕಸ್ತೂರಿಗೆ ಅಳು ಬಂತು. ಅತ್ತರೆ ಅವ್ವ ನಂಬುವುದಿಲ್ಲ ಎಂದು ಹೊಳೆದು ಅದನ್ನು ನುಂಗಿಕೊಂಡಳು.

"ಬಾಕ್ಸ್ ಎತ್ತು," ಎಂದಳು ಶಾರವ್ವ.

ಕಸ್ತೂರಿ ಬಗ್ಗಿ, ದೊಡ್ಡ ಬಾಕ್ಸನ್ನು ಬೆನ್ನ ಮೇಲೆ ಏರಿಸಿಕೊಂಡು, ಸೊಂಟ ಬಾಗಿಸಿ, ಬಾಯಿ ತೆರೆದು ಉಸಿರು ಬಿಡುತ್ತ ಟೆಂಪೋ ಕಡೆ ನಡೆದಳು. ಬಾಗಿಲಲ್ಲಿ ಅಭಿರಾಮ, ಝೈಬಾ, ತೇಜು ನಿಂತಿದ್ದರು. ಯಾರೂ ನಗಲಿಲ್ಲ, ದಾರಿ ಬಿಟ್ಟರು.